ಅಡುಗೆಮನೆ ಪ್ರಶ್ನೋತ್ತರ: ಒಂದೇ ಬಾಣಲೆಯಲ್ಲಿ ಸಿಗಡಿ, ಮೀನು, ಬೇಸಿಗೆ ತರಕಾರಿ

ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಕಡಲ ಮೀನಿನ ಬಗ್ಗೆಯೇ ಇವೆ. ಸೆಕೆಯಲ್ಲಿ ಒಲೆ ಮುಂದೆ ಹೆಚ್ಚು ಹೊತ್ತು ನಿಲ್ಲದೆ, ಹತ್ತು ಪಾತ್ರೆ ತೊಳೆಯದೆ, ಸಿಗಡಿಯನ್ನೋ ಮೀನನ್ನೋ ತರಕಾರಿ ಜೊತೆ ಒಟ್ಟಿಗೆ ಮಾಡಿಕೊಳ್ಳುವುದು ಹೇಗೆ ಅನ್ನುವುದು ಎಲ್ಲರ ಪ್ರಶ್ನೆ. ಒಂದೇ ತರಹದ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮನೆಯಲ್ಲಿ ನಾಲ್ಕು ಜನ. ಮನೆ ಸೇರೋದೇ ಏಳು ಗಂಟೆಗೆ. ಸಿಗಡಿಯನ್ನೂ ಈಗ ಸಿಗುವ ತರಕಾರಿಯನ್ನೂ ಒಂದೇ ಬಾಣಲೆಯಲ್ಲಿ ಅರ್ಧ ಗಂಟೆಗೆ ಮುಗಿಸುವ ವಿಧಾನವನ್ನು ಅಳತೆ ಸಮೇತ ತಿಳಿಸಿ. (ಚಿಂತಾಮಣಿ)

ಉತ್ತರ: ನಾಲ್ಕು ಜನಕ್ಕೆ ತಲೆ, ಸಿಪ್ಪೆ ಇರುವ ಸಿಗಡಿ 1 ಕಿಲೊ ತನ್ನಿ. ಬಿಡಿಸಿದ ಮೇಲೆ ಉಳಿಯುವುದು ಹೆಚ್ಚುಕಮ್ಮಿ ಅರ್ಧ ಕಿಲೊ. ಕಿಲೊಗೆ 40ರ ಆಸುಪಾಸು ತೂಗುವ ಗಾತ್ರ ಈ ಅಡುಗೆಗೆ ಸರಿ. ಅದಕ್ಕಿಂತ ಸಣ್ಣದಾದರೆ ಬಣ್ಣ ಹಿಡಿಯುವಷ್ಟರಲ್ಲಿ ಒಳಗೆ ಬೆಂದು ಗಟ್ಟಿಯಾಗುತ್ತದೆ. ಅಂಗಡಿಯಲ್ಲೇ ಬಿಡಿಸಿಕೊಂಡು ಬಂದರೂ ಬೆನ್ನಿನ ಉದ್ದಕ್ಕೆ ಚಾಕುವಿನ ತುದಿಯಲ್ಲಿ ಒಂದು ಗೀರು ಹಾಕಿ ನೋಡಿ. ಕಪ್ಪು ನೂಲಿನಂಥದ್ದು ಇದ್ದರೆ ಎಳೆದು ತೆಗೆಯಿರಿ. ಅದು ಸಿಗಡಿಯ ಕರುಳು, ಬಿಟ್ಟರೆ ಮರಳು ಮರಳು ಹಲ್ಲಿಗೆ ಸಿಗುತ್ತದೆ.

ತರಕಾರಿ ಇಷ್ಟು: ಎಳೆ ಹುರುಳಿಕಾಯಿ 150 ಗ್ರಾಂ (ಒಂದು ಇಂಚು ತುಂಡು), ಒಂದು ದೊಡ್ಡ ತೆನೆಯಿಂದ ಬಿಡಿಸಿದ ಸಿಹಿ ಮುಸುಕಿನ ಜೋಳ, ದಪ್ಪ ಮೆಣಸಿನಕಾಯಿ 1, ಎಳೆ ಹೀರೇಕಾಯಿ 200 ಗ್ರಾಂ (ಏಣು ಮಾತ್ರ ಹೆರೆದು ಅರ್ಧ ಇಂಚು ದಪ್ಪದ ಬಿಲ್ಲೆ), ನಾಟಿ ಟೊಮ್ಯಾಟೊ 250 ಗ್ರಾಂ, ದೊಡ್ಡ ಈರುಳ್ಳಿ 1. ಜೊತೆಗೆ ಬೆಳ್ಳುಳ್ಳಿ 8 ಎಸಳು, ಒಂದು ಇಂಚು ಶುಂಠಿ, ಹಸಿಮೆಣಸಿನಕಾಯಿ 2, ಒಂದು ಎಸಳು ಕರಿಬೇವು. ಪುಡಿಗಳು: ಅಚ್ಚ ಖಾರದ ಪುಡಿ ಒಂದೂವರೆ ಟೀ ಚಮಚ, ಧನಿಯಾ ಪುಡಿ 2 ಟೀ ಚಮಚ, ಅರಿಶಿನ ಅರ್ಧ ಟೀ ಚಮಚ, ಕಾಳುಮೆಣಸಿನ ಪುಡಿ ಅರ್ಧ ಟೀ ಚಮಚ. ಉಪ್ಪು ಒಟ್ಟು ಒಂದೂವರೆ ಟೀ ಚಮಚ. ಕಡ್ಲೆಕಾಯಿ ಎಣ್ಣೆ 3 ದೊಡ್ಡ ಚಮಚ. ಕೊನೆಗೆ ಅರ್ಧ ಹೋಳು ನಿಂಬೆಹಣ್ಣು, ಒಂದು ಹಿಡಿ ಕೊತ್ತಂಬರಿ ಸೊಪ್ಪು.

ಸಿಗಡಿ ತೊಳೆದು ನೀರು ಬಸಿದು, ಒಣಗಿದ ಹತ್ತಿ ಬಟ್ಟೆಯ ಮೇಲೆ ಹರವಿ, ಮೇಲಿಂದ ಒತ್ತಿ ಒರೆಸಿ. ಇದನ್ನು ಮಾತ್ರ ಬಿಡಬೇಡಿ. ಆಮೇಲೆ ಅರ್ಧ ಟೀ ಚಮಚ ಉಪ್ಪು, ಅರ್ಧ ಟೀ ಚಮಚ ಖಾರದ ಪುಡಿ, ಅರಿಶಿನದಲ್ಲಿ ಅರ್ಧ ಭಾಗ ಸವರಿಡಿ. ತರಕಾರಿ ಹೆಚ್ಚಿ ಮುಗಿಸುವ ಹತ್ತು ಹದಿನೈದು ನಿಮಿಷ ನೆಂದರೆ ಸಾಕು. ನಿಂಬೆರಸ ಈಗ ಬೇಡ. ಹುಳಿಯಲ್ಲಿ ಕೂತ ಸಿಗಡಿ ಒಲೆ ಕಾಣುವ ಮೊದಲೇ ಬಿಗಿಯುತ್ತದೆ.

ತಳ ಚಪ್ಪಟೆ ಇರುವ, 11 ಇಲ್ಲವೇ 12 ಇಂಚು ಅಗಲದ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಎರಡು ನಿಮಿಷ ಕಾಯಿಸಿ. ನಾನ್‌ಸ್ಟಿಕ್ ಆದರೆ ಬರಿದಾಗಿ ಕಾಯಿಸದೆ ಎಣ್ಣೆ ಹಾಕಿಯೇ ಮಧ್ಯಮ ಉರಿಯಲ್ಲಿಡಿ. ಒಂದೂವರೆ ದೊಡ್ಡ ಚಮಚ ಎಣ್ಣೆ ಬಿಟ್ಟು, ಅರ್ಧದಷ್ಟು ಸಿಗಡಿಯನ್ನು ಒಂದರ ಮೇಲೊಂದು ಬೀಳದ ಹಾಗೆ ಜೋಡಿಸಿ. ಒಂದು ನಿಮಿಷ ಮುಟ್ಟಬೇಡಿ. ಮಗುಚಿ, ಇನ್ನೊಂದು ಕಡೆ ಅರ್ಧ ನಿಮಿಷ. ಹೊರಗೆ ಕೆಂಪಾಗಿ ನಡುವೆ ಇನ್ನೂ ಗಾಜಿನ ಹಾಗೆ ಮಸುಕಾಗಿರುವಾಗಲೇ ತೊಳೆದ ತಟ್ಟೆಗೆ ತೆಗೆಯಿರಿ. ಹಸಿ ಸಿಗಡಿ ಇಟ್ಟಿದ್ದ ತಟ್ಟೆಯನ್ನೇ ಮತ್ತೆ ಬಳಸಬೇಡಿ. ಉಳಿದರ್ಧವನ್ನೂ ಹೀಗೇ ಮಾಡಿ.

ಅದೇ ಬಾಣಲೆಗೆ ಮಿಕ್ಕ ಎಣ್ಣೆ, ಕರಿಬೇವು, ಈರುಳ್ಳಿ. ಉರಿ ಮಧ್ಯಮಕ್ಕೆ ಇಳಿಸಿ ಎರಡು ನಿಮಿಷ ಬಾಡಿಸಿ. ತಳಕ್ಕೆ ಹತ್ತಿದ ಕೆಂಪು ಪುಡಿ ಈರುಳ್ಳಿಯ ತೇವಕ್ಕೆ ತಾನೇ ಬಿಟ್ಟುಕೊಳ್ಳುತ್ತದೆ, ಕೆರೆದು ಸೇರಿಸಿ. ಅರ್ಧ ರುಚಿ ಅಲ್ಲೇ ಇದೆ. ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಸೀಳಿದ ಹಸಿಮೆಣಸಿನಕಾಯಿ ಹಾಕಿ. ಹಸಿ ವಾಸನೆ ಹೋದ ಮೇಲೆ ಹುರುಳಿಕಾಯಿ ಹಾಕಿ, 3 ದೊಡ್ಡ ಚಮಚ ನೀರು ಚಿಮುಕಿಸಿ, ಐದು ನಿಮಿಷ ಮುಚ್ಚಿಡಿ. ಮುಚ್ಚಳಕ್ಕೆ ಕೆಲಸ ಇಲ್ಲಿ ಮಾತ್ರ. ತೆಗೆದ ಮೇಲೆ ಮತ್ತೆ ಮುಚ್ಚಬೇಡಿ.

ಉರಿ ಏರಿಸಿ ಜೋಳ ಹಾಕಿ ಎರಡು ನಿಮಿಷ, ದಪ್ಪ ಮೆಣಸಿನಕಾಯಿ ಹಾಕಿ ಒಂದು ನಿಮಿಷ, ಹೀರೇಕಾಯಿ ಹಾಕಿ ಮೂರು ನಿಮಿಷ ಮಗುಚಿ. ತರಕಾರಿಯನ್ನು ಅಂಚಿಗೆ ಸರಿಸಿ, ನಡುವಿನ ಎಣ್ಣೆಗೆ ಮಿಕ್ಕ ಪುಡಿಗಳನ್ನು ಹಾಕಿ ಅರ್ಧ ನಿಮಿಷ ಹುರಿಯಿರಿ. ಕೂಡಲೇ ಟೊಮ್ಯಾಟೊ, ಉಳಿದ ಉಪ್ಪು. ನಾಲ್ಕು ನಿಮಿಷಕ್ಕೆ ಟೊಮ್ಯಾಟೊ ಕರಗಿ ಅಂಚಿನಲ್ಲಿ ಎಣ್ಣೆ ಬಿಡುತ್ತದೆ. ಆಗ ಸಿಗಡಿಯನ್ನು ತಟ್ಟೆಯಲ್ಲಿ ಇಳಿದ ರಸದ ಸಮೇತ ಸುರಿದು, ಆ ರಸ ಚೆನ್ನಾಗಿ ಕುದಿಯುವ ಹಾಗೆ ಎರಡು ನಿಮಿಷ ಮಗುಚಿ ಒಲೆ ಆರಿಸಿ. ನಿಂಬೆರಸ, ಕೊತ್ತಂಬರಿ ಸೊಪ್ಪು ಆಮೇಲೆ.

ಒಲೆ ಹಚ್ಚಿದ ಹೊತ್ತಿನಿಂದ ಲೆಕ್ಕ ಹಿಡಿದರೆ 25 ನಿಮಿಷ. ಬಿಡಿಸುವ, ಹೆಚ್ಚುವ ಕೆಲಸ ಬೇರೆ. ಅದನ್ನು ಬೆಳಗ್ಗೆಯೇ ಮುಗಿಸಿ ತಂಗಳುಪೆಟ್ಟಿಗೆಯಲ್ಲಿ ಇಟ್ಟಿರಬಹುದು. ಆದರೆ ಉಪ್ಪು ಹಚ್ಚಿ ಮಾತ್ರ ಇಡಬೇಡಿ.

ಪ್ರಶ್ನೆ: ನಾನು ಎಷ್ಟು ಸಲ ಮಾಡಿದರೂ ಬಾಣಲೆ ತುಂಬಾ ನೀರು ನಿಲ್ಲುತ್ತೆ. ತರಕಾರಿ ಪೇಲವ, ಸಿಗಡಿ ರಬ್ಬರ್. ಎಲ್ಲಿ ತಪ್ಪುತ್ತಿದೆ? (ಕೋಲಾರ)

ಉತ್ತರ: ತಪ್ಪೆಲ್ಲ ನೀರಿನ ಲೆಕ್ಕದಲ್ಲಿದೆ. ಬಾಣಲೆಯಲ್ಲಿ ನೀರು ನಿಂತಿರುವಷ್ಟು ಹೊತ್ತು ಅಲ್ಲಿನ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕೆಂಪಗೆ ಹುರಿಯಲು ಅದಕ್ಕಿಂತ ಬಹಳ ಹೆಚ್ಚಿನ ಬಿಸಿ ಬೇಕು. ಹಾಗಾಗಿ ನೀವು ಹುರಿಯುತ್ತಿದ್ದೇನೆ ಅಂದುಕೊಂಡರೂ ನಡೆಯುತ್ತಿರುವುದು ಬೇಯಿಸುವ ಕೆಲಸ. ಸಿಗಡಿಯ ಮಾಂಸ 60 ಡಿಗ್ರಿ ಮುಟ್ಟುತ್ತಿದ್ದಂತೆ ಹಿಡಿದುಕೊಳ್ಳಲು ಶುರುವಾಗುತ್ತದೆ. ಅಲ್ಲಿಂದ ಮುಂದೆ ಕುದಿಯುವ ನೀರಿನಲ್ಲಿ ಕಳೆಯುವ ಒಂದೊಂದು ನಿಮಿಷವೂ ಅದನ್ನು ಹಿಂಡಿ ಒಳಗಿನ ರಸ ಹೊರಗೆ ಹಾಕುತ್ತದೆ. ಆ ರಸವೂ ಬಾಣಲೆಗೇ ಬಂದು ನೀರು ಇನ್ನಷ್ಟು ಏರುತ್ತದೆ. ನೀರು ಒಣಗಲಿ ಅಂತ ಕಾದಷ್ಟೂ ಸಿಗಡಿ ಗಟ್ಟಿಯಾಗುತ್ತಲೇ ಹೋಗುತ್ತದೆ.

ನೀರು ಬರುವ ದಾರಿ ನಾಲ್ಕೈದಿವೆ. ಸಿಗಡಿ ಒರೆಸದೆ ಹಾಕಿದ್ದು ಮೊದಲನೆಯದು. ಒಂದೇ ಸಲ ಅರ್ಧ ಕಿಲೊ ಸುರಿದದ್ದು ಎರಡನೆಯದು. ತಣ್ಣನೆ ಸಿಗಡಿ ಅಷ್ಟು ಬಿದ್ದರೆ ಕಾದ ಬಾಣಲೆಯೂ ಆರಿಹೋಗುತ್ತದೆ. ಹಾಕಿದ ಕೂಡಲೇ ಚುರ್ ಅನ್ನುವ ಸದ್ದು ಕೇಳಬೇಕು, ಅದು ನಿಲ್ಲಬಾರದು. ಸದ್ದು ಇಳಿದು ಗುಳುಗುಳು ಅಂತ ಶುರುವಾದರೆ ಬಾಣಲೆ ತುಂಬಿಹೋಗಿದೆ ಅಂತಲೇ ಅರ್ಥ. ಮೂರನೆಯದು ಉಪ್ಪು. ಸೋರೆಕಾಯಿ, ಹೀರೇಕಾಯಿಗೆ ಮೊದಲೇ ಉಪ್ಪು ಬಿದ್ದರೆ ಒಳಗಿನ ನೀರನ್ನು ಅದು ಎಳೆದು ಹೊರಗೆ ತರುತ್ತದೆ. ಆಮೇಲೆ ಮುಚ್ಚಳ: ಆವಿಯಾಗಿ ಮೇಲೆ ಹೋದ ನೀರು ಹನಿಯಾಗಿ ವಾಪಸ್ ಬೀಳುತ್ತದೆ. ಇನ್ನೊಂದು ಬಾಣಲೆಯ ಆಕಾರ. ಬೋಂಡ ಕರಿಯುವ ಗುಂಡು ತಳದ ಬಾಣಲೆಯಲ್ಲಿ ಎಲ್ಲವೂ ನಡುವಿಗೆ ಜಾರಿ ಗುಡ್ಡೆಯಾಗುತ್ತದೆ. ಗುಡ್ಡೆಯ ಹೊಟ್ಟೆಯಲ್ಲಿರುವುದು ಹಬೆಯಲ್ಲಿ ಬೇಯುತ್ತದೆ.

ನಿಮ್ಮ ಊರಿನ ಟೊಮ್ಯಾಟೊ ಬಗ್ಗೆಯೂ ಒಂದು ಮಾತು. ಕೋಲಾರದ ಎಪಿಎಂಸಿಯಿಂದ ಬಾಕ್ಸ್‌ಗಳಲ್ಲಿ ಊರೂರಿಗೆ ಹೋಗುವ ಹೈಬ್ರಿಡ್ ತಳಿ ದಪ್ಪ ಸಿಪ್ಪೆಯದು, ತಿರುಳು ಜಾಸ್ತಿ, ನೀರು ಕಡಿಮೆ, ಹುಳಿಯೂ ಕಡಿಮೆ. ನಾಟಿಯಲ್ಲಿ ರಸ, ಬೀಜ, ಹುಳಿ ಎಲ್ಲ ಜಾಸ್ತಿ. ಈ ಅಡುಗೆಗೆ ರುಚಿಯಲ್ಲಿ ನಾಟಿಯೇ ಮೇಲು. ಆದರೆ ರಸ ಇಂಗಲು ಎರಡು ನಿಮಿಷ ಹೆಚ್ಚು ಕೊಡಿ. ಹೈಬ್ರಿಡ್ ಆದರೆ ಅರ್ಧ ಟೀ ಚಮಚ ಹುಣಸೆ ರಸ ಸೇರಿಸಿ.

ಸಿಗಡಿ ಬೆಂದಿದೆಯೋ ಇಲ್ಲವೋ ನೋಡಲು ಬಣ್ಣ ಒಂದನ್ನೇ ನಂಬಬೇಡಿ. ಕೆಂಪು ಬಹಳ ಬೇಗ ಬರುತ್ತದೆ. ಸಿಪ್ಪೆ, ಮಾಂಸದಲ್ಲಿರುವ ಕೆಂಪು ಬಣ್ಣವನ್ನು ಒಂದು ಪ್ರೊಟೀನ್ ಮುಚ್ಚಿ ಹಿಡಿದಿರುತ್ತದೆ, ಬಿಸಿ ತಾಗಿದಾಗ ಹಿಡಿತ ಬಿಟ್ಟು ಬಣ್ಣ ಕಾಣುತ್ತದೆ ಅಷ್ಟೆ. ಆಕಾರ ನೋಡಿ. ಅರ್ಧಚಂದ್ರದ ಹಾಗೆ ಬಾಗಿ, ಅತಿ ದಪ್ಪ ಇರುವ ಕತ್ತಿನ ಕಡೆ ಸೀಳಿದರೆ ಒಳಗೂ ಬೆಳ್ಳಗಿದ್ದರೆ ಬೆಂದಿದೆ. ತಲೆ ಬಾಲ ಕೂಡಿ ಉಂಗುರದ ಹಾಗೆ ಸುತ್ತಿಕೊಂಡಿದ್ದರೆ ಹೊತ್ತು ಮೀರಿದೆ.

ಮುಂದಿನ ಸಲ ನೀರು ಕಂಡ ಕೂಡಲೇ ಸಿಗಡಿಯನ್ನು ಜಾಲರಿಯಲ್ಲಿ ಎತ್ತಿ ತಟ್ಟೆಗೆ ಹಾಕಿ. ನೀರೊಂದನ್ನೇ ದೊಡ್ಡ ಉರಿಯಲ್ಲಿ ಇಂಗಿಸಿ, ಕೊನೆಯ ಎರಡು ನಿಮಿಷಕ್ಕೆ ಸಿಗಡಿ ವಾಪಸ್ ಹಾಕಿ. ಆಗಲೇ ರಬ್ಬರ್ ಆಗಿಹೋಗಿದ್ದರೆ ಮತ್ತೆ ಮೆತ್ತಗಾಗುವುದಿಲ್ಲ. ಸಣ್ಣಗೆ ಕೊಚ್ಚಿ ಮೊಟ್ಟೆ ಪಲ್ಯಕ್ಕೆ ಸೇರಿಸಿದರೆ ವ್ಯರ್ಥವಾಗುವುದಿಲ್ಲ.

ಪ್ರಶ್ನೆ: ಸಮುದ್ರ ದೂರ ಇರುವ ನಮ್ಮೂರಿನಲ್ಲಿ, ಅದೂ ಬೇಸಿಗೆಯಲ್ಲಿ, ಕಡಲ ಮೀನು ನಂಬಿ ಕೊಳ್ಳಬಹುದಾ? ಏನೇನು ನೋಡಬೇಕು? (ತುಮಕೂರು)

ಉತ್ತರ: ಕೊಳ್ಳಬಹುದು, ಆದರೆ ತಿಂಗಳು ನೋಡಿ ಕೊಳ್ಳಬೇಕು. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಎರಡೂ ಕಡೆ 61 ದಿನ. ಹಾಗಾಗಿ ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಚೆನ್ನೈ ಕಡೆಯ ಮೀನನ್ನು ನೆಚ್ಚುವ ಕೋಲಾರ, ಮುಳಬಾಗಿಲಿಗೆ ಸರಕು ಕಡಿಮೆ. ಮಂಗಳೂರು, ಮಲ್ಪೆಯಿಂದ ಮೇ ಕೊನೆವರೆಗೂ ಬರುತ್ತದೆ. ಜೂನ್ ಮೊದಲ ಎರಡು ವಾರ ಎರಡೂ ಬಾಗಿಲು ಮುಚ್ಚಿರುತ್ತವೆ. ಆಗ ತಟ್ಟೆ ತುಂಬ ದೊಡ್ಡ ದೊಡ್ಡ ವಂಜರ ಕಂಡರೆ ಅದು ಹೆಪ್ಪುಗಟ್ಟಿಸಿ ಇಟ್ಟಿದ್ದದ್ದು ಇರುವ ಸಾಧ್ಯತೆಯೇ ಹೆಚ್ಚು. ಅದು ಕೆಟ್ಟದ್ದು ಅಂತಲ್ಲ, ತಾಜಾ ಬೆಲೆ ಕೊಡಬೇಡಿ. ಸಿಗಡಿಗೆ ಈ ಚಿಂತೆ ಕಡಿಮೆ. ಆಂಧ್ರದ ನೆಲ್ಲೂರು ಕಡೆಯ ಹೊಂಡಗಳಲ್ಲಿ ಸಾಕಿದ ವನ್ನಾಮಿ ಸಿಗಡಿಗೆ ಈ ನಿಷೇಧ ಇಲ್ಲ.

ಮೀನಿನ ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಗುಳಿ ಬಿದ್ದು ಹಾಲಿನ ಬಣ್ಣಕ್ಕೆ ತಿರುಗಿರಬಾರದು. ಕಿವಿರು ಎತ್ತಿಸಿ ನೋಡಿ, ಕೆಂಪಗಿರಬೇಕು, ಕಂದು ಬಣ್ಣ ಬೇಡ. ಬೆರಳಲ್ಲಿ ಒತ್ತಿದ ಗುಳಿ ಕೂಡಲೇ ಮೇಲೇಳಬೇಕು. ವಾಸನೆ ಕಡಲಿನದಿರಬೇಕು, ಮೂಗಿಗೆ ಚುಚ್ಚುವ ಘಾಟು ಇದ್ದರೆ ಬೆಲೆ ಕೇಳುವುದೂ ಬೇಡ. ಸಿಗಡಿಯಲ್ಲಿ ತಲೆ ಮುಂಡಕ್ಕೆ ಬಿಗಿಯಾಗಿ ಕೂತಿರಬೇಕು. ತಲೆ ಕಪ್ಪಾಗುವುದು ಗಾಳಿ ತಾಗಿ ಆಗುವ ಬದಲಾವಣೆ, ಅದೊಂದರಿಂದಲೇ ಕೆಟ್ಟಿದೆ ಅನ್ನಲಾಗದು. ಮಾಂಸ ಲೋಳೆಯಾಗಿ ಮುಟ್ಟಿದರೆ ಅಂಟುತ್ತಿದ್ದರೆ ಕೆಟ್ಟಿದೆ.

ಐಸ್ ವಿಷಯ ಇನ್ನೂ ಮುಖ್ಯ. ಮೀನು ಐಸ್ ಮೇಲೆ ಇದ್ದರೆ ಸಾಲದು, ಐಸ್ ಒಳಗೆ ಹುದುಗಿರಬೇಕು. ಕೆಳಗೆ ಐಸ್ ಹಾಸಿ ಮೇಲೆ ಬಿಸಿಲು ಬೀಳುವ ಅಂಗಡಿಯಲ್ಲಿ ಮೇಲಿನ ಮಗ್ಗುಲು ಬೆಚ್ಚಗಾಗಿರುತ್ತದೆ. ಬಂಗುಡೆ, ಬೂತಾಯಿಯಂಥ ಮೀನಿಗೆ ಇದು ಅಪಾಯ. ಬೆಚ್ಚಗಿದ್ದಷ್ಟು ಹೊತ್ತು ಅವುಗಳಲ್ಲಿ ಹಿಸ್ಟಮಿನ್ ಅನ್ನುವ ವಸ್ತು ಹೆಚ್ಚುತ್ತದೆ. ಎಷ್ಟು ಕುದಿಸಿದರೂ, ಹುರಿದರೂ ಅದು ಹೋಗುವುದಿಲ್ಲ. ತಿನ್ನುವಾಗ ನಾಲಿಗೆ ಚುರುಗುಟ್ಟಿ, ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ, ತುರಿಕೆ, ತಲೆನೋವು ಬಂದರೆ ತಿನ್ನುವುದು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಉಸಿರಾಟಕ್ಕೆ ಕಷ್ಟವಾದರೆ ಒಂದು ಕ್ಷಣವೂ ತಡ ಮಾಡಬೇಡಿ.

ಮೀನು ಕೊಳ್ಳುವುದನ್ನು ಪೇಟೆಯ ಕೊನೆಯ ಕೆಲಸ ಮಾಡಿಕೊಳ್ಳಿ. ಅಂಗಡಿಯವರಿಂದಲೇ ಒಂದು ಹಿಡಿ ಐಸ್ ಕೇಳಿ ಹಾಕಿಸಿಕೊಳ್ಳಿ. ಸ್ಕೂಟರ್‌ನ ಸೀಟಿನ ಕೆಳಗಿನ ಡಬ್ಬದಲ್ಲಿ ಇಡಬೇಡಿ, ಪಕ್ಕದಲ್ಲೇ ಎಂಜಿನ್ ಇರುತ್ತದೆ.

ಪ್ರಶ್ನೆ: ಹುರುಳಿಕಾಯಿ, ಜೋಳ ಇಲ್ಲದಿದ್ದರೆ ಬೇರೆ ಯಾವ ತರಕಾರಿ ಹಾಕಬಹುದು? ಬೆಂಡೆಕಾಯಿ ಹಾಕಿ ಲೋಳೆಯಾಯ್ತು. (ಬಾಗೇಪಲ್ಲಿ)

ಉತ್ತರ: ಬೆಂಡೆಕಾಯಿ ಆಗುತ್ತದೆ, ನಿಮ್ಮ ಕ್ರಮ ಬದಲಾಗಬೇಕು. ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ಒಂದು ಇಂಚು ಉದ್ದಕ್ಕೆ ಹೆಚ್ಚಿ. ಸಣ್ಣ ಬಿಲ್ಲೆ ಮಾಡಿದಷ್ಟೂ ಲೋಳೆ ಜಾಸ್ತಿ. ಎಣ್ಣೆಯಲ್ಲಿ ಮೊದಲು ಅದೊಂದನ್ನೇ ಉಪ್ಪಿಲ್ಲದೆ ಆರೇಳು ನಿಮಿಷ ಹುರಿದು ತೆಗೆದಿಟ್ಟು, ಸಿಗಡಿ ವಾಪಸ್ ಹಾಕುವಾಗ ಜೊತೆಗೆ ಹಾಕಿ.

ಬದನೆಕಾಯಿ ಎಣ್ಣೆ ಕುಡಿಯುತ್ತದೆ. ಹೆಚ್ಚಿದ ಹೋಳಿಗೆ ಉಪ್ಪು ಸವರಿ ಕಾಲು ಗಂಟೆ ಇಟ್ಟು ಹಿಂಡಿ ಹಾಕಿದರೆ ಕುಡಿಯುವುದು ಕಡಿಮೆಯಾಗುತ್ತದೆ. ಆ ಉಪ್ಪನ್ನು ಅಳತೆಯಲ್ಲಿ ಕಳೆಯಿರಿ. ಎಳೆ ಅಲಸಂದೆಕಾಯಿಯನ್ನು ಹುರುಳಿಕಾಯಿಯ ಹಾಗೇ ಮಾಡಿ. ಸೀಮೆಬದನೆಕಾಯಿ ತೆಳ್ಳಗೆ ಹೆಚ್ಚಿದರೆ ಒಳ್ಳೆಯದು, ಆರು ನಿಮಿಷ ಬೇಕು. ಹಾಗಲಕಾಯಿ ಸಿಗಡಿಯ ಸಿಹಿಯನ್ನು ಮುಚ್ಚಿಬಿಡುತ್ತದೆ, ಬೇಡ.

ಯಾವ ತರಕಾರಿಯಾದರೂ ಗಟ್ಟಿಯದು ಮೊದಲು, ನೀರಿನದು ಆಮೇಲೆ, ಹುಳಿಯದು ಕೊನೆಗೆ. ಹುಳಿ ಬಿದ್ದ ಮೇಲೆ ಹುರುಳಿಕಾಯಿ, ಅಲಸಂದೆಕಾಯಿ ಸುಲಭಕ್ಕೆ ಮೆತ್ತಗಾಗುವುದಿಲ್ಲ. ಕಾಯಿಯ ನಾರನ್ನು ಹಿಡಿದಿಟ್ಟಿರುವ ಅಂಟು ಹುಳಿಯಲ್ಲಿ ಕರಗದು. ಟೊಮ್ಯಾಟೊ ಜೊತೆ ಹುರುಳಿಕಾಯಿ ಹಾಕಿ ಅರ್ಧ ಗಂಟೆ ಬೇಯಿಸಿದರೂ ಕಟಕಟ ಅನ್ನುವುದು ಇದರಿಂದಲೇ.

ಪ್ರಶ್ನೆ: ನಮ್ಮನೆಯಲ್ಲಿ ರಾತ್ರಿ ಮುದ್ದೆಯೇ ಆಗಬೇಕು. ಒಣ ಒಣ ಮಾಡಿದರೆ ಹೊಂದಲ್ಲ. ಮುದ್ದೆಗಾಗುವ ಹಾಗೆ ಒಂದೇ ಬಾಣಲೆಯಲ್ಲಿ ಏನು ಮಾಡಬಹುದು? (ಮುಳಬಾಗಿಲು)

ಉತ್ತರ: ಮುದ್ದೆ ನುಂಗುವ ಊಟ, ರಸ ಇಲ್ಲದೆ ಇಳಿಯದು. ಇದಕ್ಕೆ ಸಿಗಡಿಗಿಂತ ಬಂಗುಡೆ, ನುಗ್ಗೆಕಾಯಿ, ಮಾವಿನಕಾಯಿ ಸರಿಯಾದ ಜೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಶ್ರೀನಿವಾಸಪುರದ ಕಡೆಯಿಂದ ಮಾವಿನಕಾಯಿಗೆ ಬರವಿಲ್ಲ. ತೋತಾಪುರಿ ಕಾಯಿಯಲ್ಲಿ ಹುಳಿ ಸಾಲದು, ನಾಟಿ ಕಾಯಿ ಆರಿಸಿಕೊಳ್ಳಿ.

ಬಂಗುಡೆ 4 (ಸುಮಾರು 600 ಗ್ರಾಂ), ನುಗ್ಗೆಕಾಯಿ 2, ನಾಟಿ ಟೊಮ್ಯಾಟೊ 2, ಸಣ್ಣ ಮಾವಿನಕಾಯಿ 1. ಮಸಾಲೆಗೆ ಬ್ಯಾಡಗಿ ಮೆಣಸಿನಕಾಯಿ 6, ಗುಂಟೂರು 2, ಧನಿಯಾ 1 ದೊಡ್ಡ ಚಮಚ, ಜೀರಿಗೆ ಅರ್ಧ ಟೀ ಚಮಚ, ಮೆಂತ್ಯ ಏಳೆಂಟು ಕಾಳು ಮಾತ್ರ. ಇವನ್ನು ಅದೇ ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಹುರಿದು, ಒಂದು ಹಿಡಿ ತೆಂಗಿನಕಾಯಿ ತುರಿ, ಬೆಳ್ಳುಳ್ಳಿ 6 ಎಸಳು, ಅರಿಶಿನದ ಜೊತೆ ನುಣ್ಣಗೆ ರುಬ್ಬಿ.

2 ದೊಡ್ಡ ಚಮಚ ಎಣ್ಣೆಯಲ್ಲಿ ಈರುಳ್ಳಿ, ಕರಿಬೇವು ಬಾಡಿಸಿ, ನುಗ್ಗೆಕಾಯಿ ಮತ್ತು 3 ಲೋಟ ನೀರು ಹಾಕಿ ಎಂಟು ನಿಮಿಷ ಮುಚ್ಚಿ ಬೇಯಿಸಿ. ರುಬ್ಬಿದ ಮಸಾಲೆ, ಒಂದೂವರೆ ಟೀ ಚಮಚ ಉಪ್ಪು, ಟೊಮ್ಯಾಟೊ ಹಾಕಿ ಹಸಿ ವಾಸನೆ ಹೋಗುವವರೆಗೆ ಏಳೆಂಟು ನಿಮಿಷ ಕುದಿಸಿ. ಮಾವಿನಕಾಯಿ ಹೋಳು ಹಾಕಿ ಮೂರು ನಿಮಿಷ. ಮಾವು ಮೊದಲೇ ಬಿದ್ದರೆ ಕರಗಿ ರಸವೆಲ್ಲ ಹುಳಿಯಾಗುತ್ತದೆ. ಉರಿ ಸಣ್ಣದು ಮಾಡಿ, ಎರಡು ಕಡೆ ಮೂರು ಮೂರು ಗೀರು ಹಾಕಿದ ಬಂಗುಡೆಯನ್ನು ಒಂದೇ ಪದರವಾಗಿ ಇಳಿಬಿಡಿ. ಏಳೆಂಟು ನಿಮಿಷ ಸಾಕು. ಸೌಟು ಹಾಕಿ ತಿರುಗಿಸಬೇಡಿ, ಬಾಣಲೆಯ ಎರಡು ಕಿವಿ ಹಿಡಿದು ಮೆಲ್ಲಗೆ ಅಲುಗಾಡಿಸಿ. ಬೆನ್ನೆಲುಬಿನ ಹತ್ತಿರ ಮಾಂಸ ಸುಲಭವಾಗಿ ಬಿಟ್ಟು ಬಂದರೆ ಬೆಂದಿದೆ. ಇಳಿಸಿ ಕಾಲು ಗಂಟೆ ಬಿಟ್ಟರೆ ಗೀರಿನ ಒಳಗೆ ಉಪ್ಪು ಹುಳಿ ಹಿಡಿಯುತ್ತದೆ. ಮುದ್ದೆ ಕಟ್ಟುವುದು ಆ ಕಾಲು ಗಂಟೆಯಲ್ಲಿ. ಅದಕ್ಕೆ ಬೇರೆ ಪಾತ್ರೆ ಬೇಕೇ ಬೇಕು.

ಮಕ್ಕಳಿಗೆ ಬಡಿಸುವಾಗ ಮುಳ್ಳಿನ ಮೀನನ್ನು ಬೇರೆ ತಟ್ಟೆಯಲ್ಲಿ ಕೊಡಿ. ಮುದ್ದೆ ನುಂಗುವುದರಿಂದ ಅದರ ಜೊತೆ ಮುಳ್ಳು ಹೋದರೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಕೊನೆಗೆ ಕಾಯಿಹಾಲು ಹಾಕಿದೆ, ಒಡೆದು ಮೊಸರಿನ ಹಾಗಾಯ್ತು. ಕಾಯಿ ನಮ್ಮ ತೋಟದ್ದೇ, ಹಳೆಯದಲ್ಲ. (ತಿಪಟೂರು)

ಉತ್ತರ: ಕಾಯಿಯ ತಪ್ಪಲ್ಲ. ಕಾಯಿಹಾಲಿನ ಜಿಡ್ಡನ್ನು ನೀರಿನಲ್ಲಿ ಹಿಡಿದಿಟ್ಟಿರುವುದು ಅದರ ಪ್ರೊಟೀನ್. ಜೋರು ಕುದಿ, ಹುಳಿ ಎರಡೂ ಸೇರಿದರೆ ಆ ಪ್ರೊಟೀನ್ ಗಂಟುಕಟ್ಟಿ ಜಿಡ್ಡು ಬೇರೆಯಾಗುತ್ತದೆ. ಒಂದು ಬಲಿತ ಕಾಯಿಯ ತುರಿಗೆ ಅರ್ಧ ಲೋಟ ಬೆಚ್ಚಗಿನ ನೀರು ಹಾಕಿ ಹಿಂಡಿದ ಗಟ್ಟಿ ಹಾಲನ್ನು ತೆಗೆದಿಡಿ. ಅದೇ ತುರಿಗೆ ಮತ್ತೊಂದು ಲೋಟ ನೀರು ಹಾಕಿ ಹಿಂಡಿದ ತೆಳು ಹಾಲು ತರಕಾರಿ ಬೇಯಿಸಲು. ಗಟ್ಟಿ ಹಾಲನ್ನು ಉರಿ ಅತಿ ಸಣ್ಣದು ಮಾಡಿದ ಮೇಲೆ, ಬಾಣಲೆಯ ಬಿಸಿ ರಸ ಒಂದು ಸೌಟು ಅದಕ್ಕೇ ಬೆರೆಸಿ, ಆಮೇಲೆ ಸುರಿಯಿರಿ. ಅಂಚಿನಲ್ಲಿ ಗುಳ್ಳೆ ಕಂಡ ಕೂಡಲೇ ಇಳಿಸಿ. ಹುಳಿಗೆ ನಿಂಬೆ ಹಿಂಡುವುದಾದರೆ ತಟ್ಟೆಯಲ್ಲಿ ಹಿಂಡಿಕೊಳ್ಳಿ. ಒಡೆದದ್ದು ನೋಡಲು ಚೆನ್ನಾಗಿಲ್ಲ ಅಷ್ಟೆ, ತಿನ್ನಲು ಏನೂ ತೊಂದರೆಯಿಲ್ಲ.

ಪ್ರಶ್ನೆ: ಇಲ್ಲಿ ಸಿಗುವುದು ಹೆಪ್ಪುಗಟ್ಟಿದ ಪೊಟ್ಟಣದ ಸಿಗಡಿ ಮಾತ್ರ. ಅದರಲ್ಲೂ ಇದೇ ಅಳತೆಯಾ? (ಗೌರಿಬಿದನೂರು)

ಉತ್ತರ: ಪೊಟ್ಟಣದ ಮೇಲೆ ಐಸ್ ಬಿಟ್ಟು ನಿವ್ವಳ ತೂಕ ಎಷ್ಟು ಅಂತ ನೋಡಿ, ಬಿಡಿಸಿದ್ದು 500 ಗ್ರಾಂ ಬೇಕು. ಹಿಂದಿನ ರಾತ್ರಿ ತಂಗಳುಪೆಟ್ಟಿಗೆಯ ಕೆಳಗಿನ ಭಾಗಕ್ಕೆ ಇಳಿಸಿಡಿ. ಮರೆತಿದ್ದರೆ ನೀರು ಹೋಗದ ಹಾಗೆ ಕವರ್ ಕಟ್ಟಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಯ ಮೇಲೆ ಬಿಡುತ್ತದೆ. ಬಿಸಿನೀರು ಬೇಡ, ಅಡುಗೆ ಕಟ್ಟೆಯ ಮೇಲೆ ಬಿಡುವುದೂ ಬೇಡ. ಈ ಸಿಗಡಿ ತಾಜಾದಕ್ಕಿಂತ ಹೆಚ್ಚು ನೀರು ಬಿಡುತ್ತದೆ. ಎರಡು ಬಟ್ಟೆ ಬದಲಿಸಿ ಒರೆಸಿ, ಮೂರು ಕಂತಿನಲ್ಲಿ ಹುರಿಯಿರಿ. ಬಿಟ್ಟದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಪ್ರಶ್ನೆ: ಕಬ್ಬಿಣದ ಬಾಣಲೆಯಲ್ಲಿ ಮಾಡಬಹುದಾ? ಮೀನಿನ ತುಂಡು ತಳಕ್ಕೆ ಹಿಡಿದು ಪುಡಿಯಾಗುತ್ತೆ. (ಶಿರಾ)

ಉತ್ತರ: ಹುರಿಯಲು ಕಬ್ಬಿಣದಷ್ಟು ಒಳ್ಳೆಯದು ಇನ್ನೊಂದಿಲ್ಲ. ಕಾದ ಬಿಸಿ ಬೇಗ ಇಳಿಯುವುದಿಲ್ಲ. ತುಂಡು ಮುಕ್ಕಾಲು ಇಂಚು ದಪ್ಪ ಇರಲಿ. ಒರೆಸಿ, ಮಸಾಲೆ ಸವರಿ, ಚೆನ್ನಾಗಿ ಕಾದ ಎಣ್ಣೆಗೆ ಇಟ್ಟು ಮೂರು ನಿಮಿಷ ಮುಟ್ಟದೆ ಬಿಡಿ. ಅಡಿ ಕೆಂಪಗೆ ಹುರಿದರೆ ಮೀನು ತಾನಾಗಿ ತಳ ಬಿಡುತ್ತದೆ. ಎಬ್ಬಿದಾಗ ಹಿಡಿದುಕೊಂಡಿದೆ ಅಂದರೆ ಇನ್ನೂ ಹೊತ್ತಾಗಿಲ್ಲ. ಮಗುಚಿ ಎರಡು ನಿಮಿಷ, ತೆಗೆದಿಡಿ. ತರಕಾರಿ ಆದ ಮೇಲೆ ತುಂಡುಗಳನ್ನು ಮೇಲೆ ಇಟ್ಟು ಒಂದೆರಡು ನಿಮಿಷ ಬಿಸಿ ಮಾಡಿ, ಕಲಕಬೇಡಿ.

ಹುಣಸೆ, ಮಾವು ಹಾಕಿ ಕುದಿಸುವ ಅಡುಗೆಗೆ ಮಾತ್ರ ಕಬ್ಬಿಣ ಬೇಡ. ರಸ ಕಪ್ಪಗಾಗಿ ಲೋಹದ ಒಗರು ಬರುತ್ತದೆ, ಬಾಣಲೆಯ ಹದವೂ ಹೋಗುತ್ತದೆ. ನಾಲ್ಕು ನಿಮಿಷದ ಟೊಮ್ಯಾಟೊ ತಡೆಯುತ್ತದೆ, ಆದರೆ ಅಡುಗೆಯನ್ನು ಅದರಲ್ಲೇ ಬಿಡದೆ ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ. ಬಾಣಲೆಯನ್ನು ಬಿಸಿನೀರಿನಲ್ಲಿ ಉಜ್ಜಿ, ಒಲೆ ಮೇಲೆ ಒಣಗಿಸಿ, ಎಣ್ಣೆ ಸವರಿಟ್ಟರೆ ಮೀನಿನ ವಾಸನೆ ಉಳಿಯುವುದಿಲ್ಲ.

ಪ್ರಶ್ನೆ: ಸಿಗಡಿ ಬದಲು ಬೊಂಡಾಸ್ (ಸ್ಕ್ವಿಡ್) ಹಾಕಿದರೆ? (ಮಾಲೂರು)

ಉತ್ತರ: ಬೊಂಡಾಸ್ ಒಂದೋ ಎರಡು ನಿಮಿಷ ಬೇಯಬೇಕು, ಇಲ್ಲವೇ ಮುಕ್ಕಾಲು ಗಂಟೆ. ನಡುವಿನ ಹೊತ್ತಿನಲ್ಲೆಲ್ಲ ಅದು ಚರ್ಮದ ಹಾಗೆ ಗಟ್ಟಿ. ಅರ್ಧ ಇಂಚಿನ ಉಂಗುರ ಮಾಡಿ, ಒರೆಸಿ, ದೊಡ್ಡ ಉರಿಯಲ್ಲಿ ಒಂದೂವರೆ ನಿಮಿಷ ಹುರಿದು ತೆಗೆದಿಟ್ಟು, ಒಲೆ ಆರಿಸುವ ಅರ್ಧ ನಿಮಿಷ ಮೊದಲು ತರಕಾರಿಗೆ ಸೇರಿಸಿ. ಸಿಗಡಿ ಮೈಗೆ ಆಗದವರು ಬೊಂಡಾಸ್ ಆಗುತ್ತದೆ ಅಂತ ತಾವೇ ತೀರ್ಮಾನಿಸದೆ ವೈದ್ಯರನ್ನು ಕೇಳಿ.

ಪ್ರಶ್ನೆ: ರಾತ್ರಿ ಮಿಕ್ಕಿದ್ದನ್ನು ಬೆಳಗ್ಗೆ ಡಬ್ಬಿಗೆ ಹಾಕಿ ಕೊಡಬಹುದಾ? (ಕುಣಿಗಲ್)

ಉತ್ತರ: ಬೆಳಗ್ಗೆ ಮನೆಯಲ್ಲೇ ಬಿಸಿ ಮಾಡಿ ತಿನ್ನುವುದಾದರೆ ಸರಿ, ಮಧ್ಯಾಹ್ನದವರೆಗೆ ಡಬ್ಬಿಯಲ್ಲಿ ಕೂರುವುದಾದರೆ ಬೇಡ. ಬೇಸಿಗೆಯ ರಾತ್ರಿಯಲ್ಲಿ ಅಡುಗೆ ಇಳಿಸಿದ ಒಂದು ಗಂಟೆಯೊಳಗೆ ಅಗಲವಾದ ಪಾತ್ರೆಗೆ ಹರವಿ ತಂಗಳುಪೆಟ್ಟಿಗೆಗೆ ಸೇರಿಸಿ. ದಪ್ಪ ಬಾಣಲೆಯಲ್ಲೇ ಬಿಟ್ಟರೆ ನಡುವಿನ ಬಿಸಿ ಆರಲು ಬಹಳ ಹೊತ್ತು ಬೇಕು. ಬಿಸಿ ಮಾಡುವಾಗ ತಿನ್ನುವಷ್ಟನ್ನೇ ತೆಗೆದು, ಒಂದು ಚಮಚ ನೀರು ಚಿಮುಕಿಸಿ, ಹಬೆ ಏಳುವವರೆಗೆ ಕಾಯಿಸಿ. ಸಿಗಡಿ ಸ್ವಲ್ಪ ಗಟ್ಟಿಯಾಗುತ್ತದೆ, ಅದಕ್ಕೆ ದಾರಿಯಿಲ್ಲ. ಮಾರನೆಯ ದಿನಕ್ಕೂ ಬೇಕು ಅಂತ ಮೊದಲೇ ಗೊತ್ತಿದ್ದರೆ ತರಕಾರಿಯನ್ನು ಮಾತ್ರ ಹೆಚ್ಚು ಮಾಡಿ ಅರ್ಧ ತೆಗೆದಿಡಿ. ಒರೆಸಿದ ಹಸಿ ಸಿಗಡಿಯನ್ನು ಉಪ್ಪು ಹಚ್ಚದೆ ಮುಚ್ಚಳದ ಡಬ್ಬಿಯಲ್ಲಿ ತಂಗಳುಪೆಟ್ಟಿಗೆಯ ಅತಿ ತಣ್ಣನೆಯ ಜಾಗದಲ್ಲಿಟ್ಟು, ಬೆಳಗ್ಗೆ ಹೊಸದಾಗಿ ಹುರಿದು ಬೆರೆಸಿಕೊಳ್ಳಿ. ನಾಲ್ಕು ನಿಮಿಷದ ಕೆಲಸ.